ಅಮ್ಮ ತನ್ನನ್ನು ಹುಡುಕಿಕೊಂಡು ಹೋದದ್ದು

ಕಗ್ಗದಾಸಪುರದ ನಮ್ಮ ಮನೆಯಲ್ಲಿ ನಡುಮನೆಗೂ ಹಿತ್ತಲಿಗೂ ಮಧ್ಯೆ ಒಂದು ಸಣ್ಣ ಕೋಣೆಯಿತ್ತು. ಎಲ್ಲರೂ ಅದನ್ನು ರಾಗಿ ಕೋಣೆ ಎನ್ನುತ್ತಿದ್ದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಲ್ಲಿ ರಾಗಿ ಇರಲಿಲ್ಲ. ಕೆರೆಯ ಕಡೆಗಿದ್ದ ನಮ್ಮ ಹೊಲ ತುಂಡುತುಂಡಾಗಿ ಲೇಔಟಿಗೆ ಹೋಗುತ್ತ ಬಂದಿತ್ತು. ಅಪ್ಪ ನೇಗಿಲು ಬಿಟ್ಟು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ರಾಗಿಯನ್ನು ನಾವೂ ಎಲ್ಲರ ಹಾಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಅಂಗಡಿಯಿಂದಲೇ ತರುತ್ತಿದ್ದೆವು. ಆದರೂ ಆ ಕೋಣೆಯ ಮಣ್ಣಿನ ಗೋಡೆಗಳು ಹಳೆಯ ಧಾನ್ಯದ ವಾಸನೆಯನ್ನು ಬಿಟ್ಟಿರಲಿಲ್ಲ. ಒಂದೇ ಒಂದು ಕಿಟಕಿ, ಅದೂ ಮೇಲೆ, ಕೈಗೆ ಎಟುಕದಷ್ಟು ಮೇಲೆ. ಬಾಗಿಲು ಮಾತ್ರ ಗಟ್ಟಿಯಾದದ್ದು, ಒಳಗಿನಿಂದ ಚಿಲಕ. ನನ್ನ ಒಂಬತ್ತನೇ ವಯಸ್ಸಿನಿಂದ ಹನ್ನೆರಡನೇ ವಯಸ್ಸಿನವರೆಗಿನ ಮಧ್ಯಾಹ್ನಗಳನ್ನು ಯಾರಾದರೂ ಲೆಕ್ಕ ಕೇಳಿದರೆ, ಅವೆಲ್ಲ ಆ ಬಾಗಿಲಿನ ಹೊರಗೆ ಕಳೆದವು ಎನ್ನುತ್ತೇನೆ. ಒಳಗೆ ಅಮ್ಮ ಇರುತ್ತಿದ್ದಳು. ತಾನು ಯಾರು ಎಂದು ಹುಡುಕುತ್ತ ಕೂತಿರುತ್ತಿದ್ದಳು.

ಹೀಗೆಂದರೆ ಈಗ ಕೇಳುವವರಿಗೆ ನಗು ಬರಬಹುದು. ನಮ್ಮ ಬೀದಿಗೂ ಆಗ ನಗುವೇ ಬಂದಿತ್ತು. ಆದರೆ ಅಮ್ಮನ ಹುಡುಕಾಟಕ್ಕೆ ಆರಂಭ ಎಂಬುದೊಂದಿತ್ತು, ಮತ್ತು ಅಲ್ಲಿ ನಾನೂ ಇದ್ದೆ. ಅಮ್ಮ ಹುಟ್ಟಿದಾಗ ಇಟ್ಟ ಹೆಸರು ವೆಂಕಟಲಕ್ಷ್ಮಿ. ಹದಿನೇಳಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ, ಅಪ್ಪನ ತಾಯಿಯ ಹೆಸರೂ ವೆಂಕಟಲಕ್ಷ್ಮಮ್ಮ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು 'ಏ, ಬಾರೇ' ಎಂದು ಕೂಗುವುದು ಹೇಗೆ? ಧಾರೆಯಾದ ದಿನವೇ ಅಜ್ಜಿ ಅಕ್ಕಿಯ ತಟ್ಟೆಯಲ್ಲಿ 'ಶಾಂತ' ಎಂದು ಬರೆಸಿ ಹೆಸರು ಬದಲಿಸಿದಳು. ಹಾಗೆ ಬದಲಿಸುವುದು ನಮ್ಮ ಕಡೆ ಹೊಸದೇನಲ್ಲ, ಅಮ್ಮನೂ ಅದನ್ನು ದೊಡ್ಡದು ಮಾಡಿರಲಿಲ್ಲ. ಹತ್ತು ಹನ್ನೆರಡು ವರ್ಷ ಶಾಂತಳಾಗಿಯೇ ಇದ್ದಳು. ಆಮೇಲೆ ಹೊಲದ ಕೊನೆಯ ತುಂಡನ್ನು ಮಾರುವ ದಿನ ಬಂತು. ಅಜ್ಜ ಸಾಯುವ ಮೊದಲು ಅದನ್ನು ಸೊಸೆಯ ಹೆಸರಿಗೆ, ಅವಳ ಹಳೆಯ ಹೆಸರಿಗೆ, ಮಾಡಿಟ್ಟಿದ್ದ. ಸಹಿ ಹಾಕಲು ಅಪ್ಪ ಅಮ್ಮನನ್ನು ಕೃಷ್ಣರಾಜಪುರದ ನೋಂದಣಿ ಕಚೇರಿಗೆ ಕರೆದುಕೊಂಡು ಹೋದ. ಸ್ಕೂಲಿಗೆ ರಜೆಯಿದ್ದುದರಿಂದ ನಾನೂ ಬಾಲದ ಹಾಗೆ ಹೋದೆ. ಮೇಜಿನ ಹಿಂದಿದ್ದ ಮನುಷ್ಯ ಕಾಗದ ತಿರುವಿ ಹಾಕಿ, ಒರಟಾಗಿ ಏನೂ ಅಲ್ಲ, ದಿನಕ್ಕೆ ನೂರು ಸಲ ಕೇಳುವ ದನಿಯಲ್ಲೇ ಕೇಳಿದ.

"ನಿಮ್ಮ ಹೆಸರು ಹೇಳಿ ಅಮ್ಮಾ."

ಅಮ್ಮ ಬಾಯಿ ತೆರೆದಳು. ಅಪ್ಪನ ಕಡೆ ನೋಡಿದಳು.

"ಇಲ್ಲಿ ವೆಂಕಟಲಕ್ಷ್ಮಿ ಅಂತಿದೆ, ನಿಮ್ಮ ಯಜಮಾನ್ರು ಶಾಂತ ಅಂತಿದ್ದಾರೆ. ನೀವು ಯಾರು, ಅದನ್ನ ಹೇಳಿ ಸಾಕು."

"ಹೇಳೇ," ಎಂದ ಅಪ್ಪ ಮೆಲ್ಲಗೆ.

"ಗೊತ್ತಿಲ್ಲ," ಎಂದಳು ಅಮ್ಮ.

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಮೇಜಿನ ಹಿಂದಿನವನೂ ನಕ್ಕು, ಪಾಪ ಗಾಬರಿಯಾಗಿದೆ ಎಂದು ನೀರು ತರಿಸಿಕೊಟ್ಟ. ಸಹಿ ಆಯಿತು, ಕೆಲಸ ಮುಗಿಯಿತು. ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಹಳೆ ಮದ್ರಾಸು ರಸ್ತೆಯ ಲಾರಿಗಳನ್ನೇ ನೋಡುತ್ತಿದ್ದಳು. ಅಪ್ಪ ಸಮಾಧಾನ ಮಾಡಲು ಹೋದ.

"ಅಷ್ಟು ಜನ ನೋಡಿ ಹೆದರ್ಕೊಂಡ್ಯಾ?"

"ಹೆದರಿಕೆ ಅಲ್ಲ ರೀ. ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಅಷ್ಟೇ ಆಗಿದ್ದು. ಮುಂದೆ ಬಂಧುಬಳಗವೆಲ್ಲ ದೊಡ್ಡ ಕಾರಣ ಹುಡುಕಿತು. ಗಂಡ ಹೊಡೆಯುತ್ತಾನಾ, ಅತ್ತೆಯ ಕಾಟವಾ, ಗಂಡುಮಗು ಆಗಲಿಲ್ಲವೆಂಬ ಕೊರಗಾ ಎಂದು ಕೇಳಿದರು. ಅಪ್ಪ ಕೈಯೆತ್ತಿದವನಲ್ಲ. ಅಜ್ಜಿಯ ಬಾಯಿ ಜೋರು, ಆದರೆ ಮನಸ್ಸು ಕೆಟ್ಟದ್ದಲ್ಲ. ಒಂದು ಪ್ರಶ್ನೆ ಅಮ್ಮನೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ. ಅದಕ್ಕಿಂತ ಬೇರೆ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೆಲವು ತಿಂಗಳ ಮೇಲೆ ಯಾರದೋ ನಾಮಕರಣಕ್ಕೆಂದು ಹಲಸೂರಿಗೆ ಹೋಗಿದ್ದ ಅಮ್ಮ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಹೂವಿನ ಅಂಗಡಿಯ ಮೇಲೊಂದು ಬೋರ್ಡು ನೋಡಿದಳು. 'ನಾನು ಯಾರು? ಮಹಿಳೆಯರಿಗೆ ವೇದಾಂತ ಪಾಠ. ಮಂಗಳವಾರ, ಶುಕ್ರವಾರ.' ಪಾಠ ಹೇಳುವವರು ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ತಮಿಳು ಹೆಂಗಸು, ಮದುವೆಯಾಗದವರು. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಅಮ್ಮ ವಾರಕ್ಕೆರಡು ಸಲ ಊಟದ ಪಾತ್ರೆ ತೊಳೆದು, ಸೀರೆ ಬದಲಿಸಿ, ತಿಪ್ಪಸಂದ್ರದವರೆಗೆ ನಡೆದು ಬಸ್ಸು ಹತ್ತಲು ಶುರುಮಾಡಿದಳು. ಉಳಿದ ದಿನಗಳಲ್ಲಿ ಮೂರು ಗಂಟೆಯಿಂದ ಐದರವರೆಗೆ ರಾಗಿ ಕೋಣೆಯಲ್ಲಿ ಚಿಲಕ ಹಾಕಿಕೊಂಡು, ಅಲ್ಲಿ ಹೇಳಿಕೊಟ್ಟಿದ್ದನ್ನು ಇಲ್ಲಿ ಕೂತು ವಿಚಾರ ಮಾಡುತ್ತಿದ್ದಳು. ಅಜ್ಜಿ ಬಾಗಿಲಿಗೆ ಮುಖ ಮಾಡಿ ನಿಂತು ಜಗಳಕ್ಕೆ ಕರೆಯುತ್ತಿದ್ದಳು.

"ಹಗಲೊತ್ತು ಬಾಗ್ಲು ಹಾಕ್ಕೊಂಡು ಕೂತ್ಕಳಕ್ಕೆ ನೀನೇನ್ ಸನ್ಯಾಸೀನಾ? ಸೊಪ್ಪು ಸೋಸೋರು ಯಾರು? ನಾನು ಯಾರು ನಾನು ಯಾರು ಅಂತೀಯಲ್ಲ, ನಾನ್ ಹೇಳ್ತೀನಿ ಕೇಳು, ನೀನು ಈ ಮನೆ ಸೊಸೆ!"

ಅಷ್ಟರಲ್ಲಿ ಕಾರ್ಖಾನೆಯ ಕಡೆಯಿಂದ ಪರೀಕ್ಷೆಗೆ ಹಾರಿಸುವ ಯುದ್ಧವಿಮಾನ ಮನೆಯ ಹೆಂಚು ಅದುರುವಂತೆ ತಲೆಯ ಮೇಲೆ ಹೋಗುತ್ತಿತ್ತು. ಅದು ಹೋಗುವ ತನಕ ಅಜ್ಜಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಹೋದ ಮೇಲೆ ಏನು ಹೇಳಬೇಕೆಂದಿದ್ದೆ ಎಂಬುದು ಮರೆತುಹೋಗಿ, ಗೊಣಗಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು.

ನಾನು ಸ್ಕೂಲಿನಿಂದ ನಾಲ್ಕಕ್ಕೆ ಬರುತ್ತಿದ್ದೆ. ಅಜ್ಜಿ ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ ಕೈಗೆ ಹಾಕುತ್ತಿದ್ದಳು. ಅದನ್ನು ಹಿಡಿದು ರಾಗಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತುಕೊಳ್ಳುತ್ತಿದ್ದೆ. ಕಡಲೆಯನ್ನು ಶಬ್ದವಾಗದ ಹಾಗೆ, ಬಾಯಲ್ಲೇ ನೆನೆಸಿ ತಿನ್ನುತ್ತಿದ್ದೆ. ಹೇಳಬೇಕಾದ್ದು ಬೇಕಾದಷ್ಟಿರುತ್ತಿತ್ತು. ಗಣಿತದ ಮೇಡಂ ನನ್ನ ಪುಸ್ತಕವನ್ನು ಇಡೀ ತರಗತಿಗೆ ತೋರಿಸಿದ್ದು, ಪಕ್ಕದ ಹುಡುಗಿ ನನ್ನ ಜೊತೆ ಮಾತು ಬಿಟ್ಟದ್ದು, ರೈಲ್ವೆ ಗೇಟಿನ ಹತ್ತಿರ ಸತ್ತುಬಿದ್ದಿದ್ದ ಹಾವು. ನಾಲ್ಕು ಗಂಟೆಗೆ ಅವೆಲ್ಲ ಬಿಸಿಬಿಸಿಯಾಗಿರುತ್ತಿದ್ದವು. ಐದಕ್ಕೆ ಚಿಲಕ ತೆಗೆದು ಅಮ್ಮ ಹೊರಗೆ ಬಂದು, ಕಣ್ಣು ಸಣ್ಣ ಮಾಡಿ ಬೆಳಕಿಗೆ ಹೊಂದಿಕೊಳ್ಳುತ್ತ "ಏನ್ ಪದ್ದು, ಇವತ್ತೇನಾಯ್ತು?" ಎಂದು ಕೇಳುವ ಹೊತ್ತಿಗೆ ಯಾವುದನ್ನೂ ಹೇಳಬೇಕು ಅನಿಸುತ್ತಿರಲಿಲ್ಲ. ಅವಳು ಕೇಳದೆ ಬಿಟ್ಟವಳಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ದಿನಾ ಕೇಳುತ್ತಿದ್ದಳು. ನಾನೇ "ಏನಿಲ್ಲ" ಎನ್ನುತ್ತಿದ್ದೆ. ಒಂಟಿತನವೆಂದರೆ ಮಾತಾಡಲು ಯಾರೂ ಇಲ್ಲದಿರುವುದು ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಮಾತು ಆರಿಹೋದ ಮೇಲೆ ಕೇಳುವವರು ಬರುವುದು.

ಹನ್ನೊಂದನೇ ವರ್ಷದಲ್ಲಿ ಒಂದು ಶುಕ್ರವಾರ ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತು. ನಾನು ಮನೆಗೆ ಹೋಗಲಿಲ್ಲ. ತಿಪ್ಪಸಂದ್ರದಲ್ಲಿ ಒಬ್ಬಳೇ ಬಸ್ಸು ಹತ್ತಿ ಹಲಸೂರಿನಲ್ಲಿಳಿದು, ಹೂವಿನ ಅಂಗಡಿ ಯಾವುದೆಂದು ಕೇಳಿಕೊಂಡು ಹೋದೆ. ಅಮ್ಮನನ್ನು ನನ್ನಿಂದ ಕಸಿದುಕೊಂಡದ್ದು ಏನಿರಬಹುದು ಎಂದು ನೋಡುವುದಷ್ಟೇ ನನ್ನ ಉದ್ದೇಶ. ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಮೇಲಿನ ತಿರುವಿನಲ್ಲಿ ಚಪ್ಪಲಿಗಳ ಮಧ್ಯೆ ನಿಂತು ಇಣುಕಿದೆ. ಚಾಪೆಗಳ ಮೇಲೆ ಹದಿನೈದು ಇಪ್ಪತ್ತು ಹೆಂಗಸರು ಕೂತಿದ್ದರು. ಗೋಡೆಯ ಕರಿಹಲಗೆಯ ಮೇಲೆ ಒಂದರೊಳಗೊಂದು ಐದು ವೃತ್ತಗಳು. ಅನ್ನ, ಪ್ರಾಣ, ಮನಸ್ಸು, ಅರಿವು, ಆನಂದ ಎಂದು ಒಂದೊಂದರ ಮೇಲೂ ಬರೆದಿತ್ತು. ಮನುಷ್ಯನ ಮೇಲಿನ ಐದು ಹೊದಿಕೆಗಳಂತೆ ಅವು. ಒಂದೊಂದನ್ನೂ ಇದು ನಾನಲ್ಲ, ಇದು ನಾನಲ್ಲ ಎಂದು ಸರಿಸುತ್ತ ಒಳಕ್ಕೆ ಹೋಗಬೇಕಂತೆ, ಅದೇ ಆತ್ಮಸಾಕ್ಷಾತ್ಕಾರವಂತೆ. ಬಿಳಿ ಕೂದಲಿನ ಟೀಚರಮ್ಮ ಕೋಲು ಹಿಡಿದು ಅದನ್ನೇ ವಿವರಿಸುತ್ತಿದ್ದರು. ಆಗ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಅಮ್ಮನ ಕೈ.

"ಟೀಚರಮ್ಮ, ಒಂದೊಂದೇ ತೆಗೀತಾ ತೆಗೀತಾ ಹೋಗಿ, ಕೊನೇಗೆ ಏನೂ ಉಳೀದೇ ಹೋದ್ರೆ ಏನ್ ಮಾಡೋದು?"

"ಏನೂ ಉಳಿಯಲಿಲ್ಲ ಅಂತ ಕಂಡುಕೊಂಡದ್ದು ಯಾರು, ವೆಂಕಟಲಕ್ಷ್ಮಿ? ಅವರು ಉಳಿದರಲ್ಲ!"

ಇಡೀ ಕೋಣೆ ನಕ್ಕಿತು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಪಕ್ಕದವಳ ತೋಳು ಹಿಡಿದು ನಕ್ಕಳು. ಆ ನಗುವನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಅವಳಿಗೆ ಅಷ್ಟು ಹಲ್ಲು ಕಾಣುವಂತೆ ನಗಲು ಬರುತ್ತದೆ ಎಂದೂ ಗೊತ್ತಿರಲಿಲ್ಲ. ಅವಳು ಅಲ್ಲಿ ದುಃಖದಲ್ಲಿರುತ್ತಾಳೆ, ಯಾರೋ ಅವಳಿಗೆ ಮಂಕುಬೂದಿ ಎರಚಿದ್ದಾರೆ ಎಂದು ಅಜ್ಜಿ ಹೇಳಿದ್ದನ್ನು ನಂಬಿಕೊಂಡು ಬಂದಿದ್ದೆ ನಾನು. ಅದು ನಿಜವಾಗಿದ್ದರೆ ಒಳಗೆ ಓಡಿಹೋಗಿ ಅವಳ ಸೆರಗು ಹಿಡಿದು ಎಳೆದು ತರುತ್ತಿದ್ದೆ. ಸುಖವಾಗಿರುವವಳನ್ನು ಎಳೆದು ತರುವುದು ಹೇಗೆ? ಸದ್ದಾಗದಂತೆ ಮೆಟ್ಟಿಲಿಳಿದು, ಅವಳಿಗಿಂತ ಮುಂಚೆ ಮನೆಗೆ ಬಂದು, ಏನೂ ಆಗದವಳ ಹಾಗೆ ಜಗಲಿಯ ಮೇಲೆ ಕಾಪಿ ಬರೆಯುತ್ತ ಕೂತೆ. ಅಮ್ಮ ಬಂದವಳು "ಏನ್ ಪದ್ದು, ಇವತ್ತೇನಾಯ್ತು?" ಎಂದಳು. "ಏನಿಲ್ಲ" ಎಂದೆ.

ಮುಂದಿನ ಯುಗಾದಿ ಕಳೆದ ಮೇಲೆ ಟೀಚರಮ್ಮ ಊರು ಬಿಡುವವರಿದ್ದರು. ತುಮಕೂರಿನಾಚೆ ಒಂದು ಗುಡ್ಡದ ಬುಡದಲ್ಲಿ ಹೆಂಗಸರಿಗಾಗಿಯೇ ಇದ್ದ ಸಣ್ಣ ಆಶ್ರಮವೊಂದನ್ನು ನೋಡಿಕೊಳ್ಳಲು ಅವರನ್ನು ಕರೆದಿದ್ದರು. ತಮ್ಮ ಜೊತೆ ಬಂದು ಒಂದು ವರ್ಷ ಇರಬಲ್ಲಿರಾ ಎಂದು ಅಮ್ಮನನ್ನು ಕೇಳಿದ್ದರಂತೆ. ಅಮ್ಮ ಅದನ್ನು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಅಪ್ಪನ ತಟ್ಟೆಗೆ ಉಪ್ಪಿಟ್ಟು ಹಾಕುತ್ತ ಹೇಳಿದಳು. ಅಜ್ಜಿ ಎದೆ ಬಡಿದುಕೊಂಡಳು. ಗಂಡಸು ಹೋದರೆ ಕಾಲಿಗೆ ಬೀಳುವ ಜನ, ಹೆಂಗಸು ಹೋದರೆ ಏನೆಂದು ಮಾತಾಡುತ್ತಾರೆಂದು ಗೊತ್ತಾ ಎಂದು ಕೂಗಿದಳು. ಅಪ್ಪ ತಟ್ಟೆಯಲ್ಲಿದ್ದುದನ್ನು ತಿಂದು ಮುಗಿಸಿದ. ಕಬ್ಬಿಣವನ್ನು ಕೂದಲೆಳೆಯಷ್ಟು ಅಳತೆ ತಪ್ಪದಂತೆ ತೀಡುವವನು, ಮಾತಿನಲ್ಲೂ ಅಷ್ಟೇ ಲೆಕ್ಕ.

"ನಾನು ಬೇಡ ಅಂದ್ರೆ ನೀನು ಇಲ್ಲೇ ಇರ್ತೀಯ. ಆದ್ರೆ ಆ ಕೋಣೆ ಒಳಗಿರ್ತೀಯ. ಹೋಗೋದಾದ್ರೆ ಹೋಗು. ಮಗಳನ್ನ ಮಾತ್ರ ನೀನೇ ಕೇಳು."

ಅಮ್ಮ ಮರುದಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಜಡೆ ಹಾಕುವಾಗ ಕೇಳಿದಳು. ಅವಳು ಹಿಂದಿದ್ದುದರಿಂದ ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ಅವಳಿಗೆ ನನ್ನದೂ ಕಾಣುತ್ತಿರಲಿಲ್ಲ.

"ಒಂದು ವರ್ಷ ನಾನು ಹೋದ್ರೆ ನಿಂಗೆ ಕಷ್ಟ ಆಗುತ್ತಾ ಪದ್ದು?"

"ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಅಜ್ಜಿ ಇದ್ದಾಳಲ್ಲ."

ಜಡೆಯನ್ನು ಅಮ್ಮ ಎಂದಿಗಿಂತ ಬಿಗಿಯಾಗಿ ಹೆಣೆದಳು. ಸಂಜೆಯವರೆಗೂ ನನ್ನ ನೆತ್ತಿ ಎಳೆಯುತ್ತಲೇ ಇತ್ತು. ನಾಲ್ಕು ದಿನದ ಮೇಲೆ ಒಂದು ಬಟ್ಟೆಚೀಲ ಹಿಡಿದು, ಅಜ್ಜಿಯ ಕಾಲಿಗೆ ನಮಸ್ಕರಿಸಿ ಅವಳು ಹೊರಟಳು. ಅಜ್ಜಿ ಕಾಲು ಹಿಂದಕ್ಕೆಳೆದುಕೊಂಡಳು. ನಾನು ರೈಲ್ವೆ ಗೇಟಿನವರೆಗೂ ಹೋಗಲಿಲ್ಲ. ನಾಳೆ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇರಲಿಲ್ಲ.

ಆ ವರ್ಷ ನಮ್ಮ ಮನೆ ಹೇಗಿತ್ತು ಎಂದರೆ, ಮೂವರು ಮೂರು ಕಡೆ ಕೂತು ಉಣ್ಣುತ್ತಿದ್ದೆವು. ಅಪ್ಪ ಶಿಫ್ಟಿಗೆ ತಕ್ಕಂತೆ ಯಾವಾಗಲೋ ಬಂದು, ಅಡುಗೆಮನೆಯ ಮಣೆಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ. ನಾನು ಜಗಲಿಯಲ್ಲಿ. ಅಜ್ಜಿ ಹಿತ್ತಲ ಬಾಗಿಲಲ್ಲಿ. ಅಜ್ಜಿಗೆ ಮಂಡಿ ನೋವು, ಮುದ್ದೆ ತೊಳಸುವಾಗ ಕಾಲಿನಿಂದ ಪಾತ್ರೆ ಅದುಮಿ ಹಿಡಿಯಲು ಆಗುತ್ತಿರಲಿಲ್ಲ. ಆದ್ದರಿಂದ ಕೋಲು ತಿರುಗಿಸುವುದನ್ನು ನಾನು ಕಲಿತೆ. ಮೊದಮೊದಲು ಗಂಟುಗಂಟಾಗುತ್ತಿತ್ತು. ಅಪ್ಪ ಗಂಟನ್ನು ಬದಿಗಿಡದೆ ನುಂಗುತ್ತಿದ್ದ. ಆಶ್ಚರ್ಯವೆಂದರೆ ಎಲ್ಲರಿಗಿಂತ ಸೊರಗಿದವಳು ಅಜ್ಜಿ. ಬೈಯಲು ಯಾರೂ ಇಲ್ಲದೆ ಅವಳ ದಿನ ಮುಂದೆ ಹೋಗುತ್ತಿರಲಿಲ್ಲ. ಒಮ್ಮೊಮ್ಮೆ ಮೂರು ಗಂಟೆಗೆ ಎದ್ದು ಹೋಗಿ ರಾಗಿ ಕೋಣೆಯ ಮುಂದೆ ನಿಂತು, ತೆರೆದ ಬಾಗಿಲ ಒಳಗೆ ನೋಡಿ ವಾಪಸ್ಸು ಬರುತ್ತಿದ್ದಳು. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ತಡೆದು "ನಿಮ್ಮಮ್ಮ ಬಂದ್ರೇನಮ್ಮಾ?" ಎಂದು ಕೇಳುತ್ತಿದ್ದರು. ಬಂದಿಲ್ಲವೆಂದು ಅವರಿಗೆ ಗೊತ್ತೇ ಇತ್ತು. ಅಮ್ಮನಿಂದ ತಿಂಗಳಿಗೊಂದು ಕಾಗದ ಬರುತ್ತಿತ್ತು, ಅಪ್ಪನ ಹೆಸರಿಗೆ. ಕೊನೆಯಲ್ಲಿ ನನಗೆ ಎರಡು ಸಾಲು. ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ. ನಾನು ಉತ್ತರ ಬರೆಯಲಿಲ್ಲ. ಅಪ್ಪ ಎರಡು ಸಲ ನೋಡಿಬರಲು ಹೋದಾಗ ಎರಡೂ ಸಲ ಹೊಟ್ಟೆನೋವೆಂದು ಮಲಗಿದೆ.

ಕಾರ್ತೀಕ ಮಾಸದಲ್ಲಿ ನಾನು ದೊಡ್ಡವಳಾದೆ. ಅಜ್ಜಿ ತನ್ನ ಶಾಸ್ತ್ರದ ಪ್ರಕಾರ ನನ್ನನ್ನು ಏಳು ದಿನ ಬೇರೆ ಕೂರಿಸಬೇಕಿತ್ತು. ಮನೆಯಲ್ಲಿ ಖಾಲಿಯಿದ್ದದ್ದು ಒಂದೇ ಜಾಗ. ಹೀಗೆ, ಮೂರು ವರ್ಷ ಹೊರಗೆ ಕಾದಿದ್ದ ಬಾಗಿಲಿನ ಒಳಗೆ ನಾನು ಹೋದೆ. ಚಾಪೆ, ಒಂದು ಚೊಂಬು ನೀರು, ಬೇರೆ ತಟ್ಟೆ. ಸಂಜೆಯ ಹೊತ್ತಿಗೆ ಬೀದಿಯ ಮುತ್ತೈದೆಯರು ಬಂದು, ಹಸೆಮಣೆಯ ಮೇಲೆ ಕೂರಿಸಿ ಆರತಿ ಎತ್ತಿ, ಎಳ್ಳುಬೆಲ್ಲದ ಚಿಗಳಿ ತಿನ್ನಿಸಿ, ಹಾಡಿ ಹೋಗುತ್ತಿದ್ದರು. ಯಾರೋ ಒಬ್ಬರು ಎದುರಿಗೇ "ಪಾಪ, ತಾಯಿಯಿಲ್ಲದ ಮಗು" ಎಂದರು. ಅಜ್ಜಿ ಆರತಿ ತಟ್ಟೆಯನ್ನು ಕೆಳಗಿಟ್ಟು "ತಾಯಿ ಇದ್ದಾಳೆ ಕಣಮ್ಮ, ಊರಿಗ್ ಹೋಗವ್ಳೆ" ಎಂದು ಗದರಿದಳು. ಅಮ್ಮನಿಗೆ ತಿಳಿಸೋಣವೇ ಎಂದು ಅಪ್ಪ ಬಾಗಿಲಾಚೆಯಿಂದ ಕೇಳಿದ. ಬೇಡ ಎಂದೆ. ಅವನು ಮತ್ತೆ ಕೇಳಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಾಡಲು ಏನೂ ಇಲ್ಲದೆ ಗೋಡೆಯ ಗೂಡಿನಲ್ಲಿದ್ದ ಅಮ್ಮನ ನೋಟ್‌ಬುಕ್ಕು ತೆಗೆದೆ. ದುಂಡಗಿನ ಅಕ್ಷರ. ಪಾಠದ ಟಿಪ್ಪಣಿಗಳೇ ಹೆಚ್ಚು. ಕೊನೆಯ ಪುಟದಲ್ಲಿ ಅವಳು ತಾನೇ ಮಾಡಿಕೊಂಡ ಅಭ್ಯಾಸವಿತ್ತು. 'ದೇಹ ನಾನಲ್ಲ. ಉಸಿರು ನಾನಲ್ಲ. ಮನಸ್ಸು ನಾನಲ್ಲ.' ಅದರ ಕೆಳಗೆ, 'ಶಾಂತ ನಾನಲ್ಲ. ವೆಂಕಟಲಕ್ಷ್ಮಿಯೂ ನಾನಲ್ಲ. ಸೊಸೆ ನಾನಲ್ಲ. ಹೆಂಡತಿ ನಾನಲ್ಲ.' ಅದರ ಕೆಳಗೆ, 'ಪದ್ದುವಿನ ಅಮ್ಮ' ಎಂದು ಬರೆದು ನಿಲ್ಲಿಸಿದ್ದಳು. ಮುಂದೆ ಏನೂ ಇರಲಿಲ್ಲ. ಪೆನ್ನು ಒಂದೇ ಕಡೆ ಬಹಳ ಹೊತ್ತು ಊರಿ ಶಾಯಿ ಹರಡಿ ಹಿಂದಿನ ಹಾಳೆಗೂ ಇಳಿದಿತ್ತು.

ಇವತ್ತು ಆ ಪುಟ ನನ್ನ ಮುಂದಿದ್ದರೆ ಆ ಶಾಯಿಯ ಚುಕ್ಕೆಯನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಅವತ್ತು ನಾನು ಹನ್ನೆರಡರ ಹುಡುಗಿ. ನನ್ನ ಪೆನ್ಸಿಲು ತೆಗೆದುಕೊಂಡು, ಅವಳು ಬಿಟ್ಟ ಜಾಗದಲ್ಲಿ 'ನಾನಲ್ಲ' ಎಂದು ಬರೆದು, ಚುಕ್ಕಿ ಇಟ್ಟು, ಪುಸ್ತಕವನ್ನು ಇದ್ದಲ್ಲೇ ಇಟ್ಟುಬಿಟ್ಟೆ. ಬರೆದ ಮೇಲೆ ಗೆದ್ದ ಹಾಗಾಯಿತು. ಸ್ವಲ್ಪ ಹೊತ್ತಾದ ಮೇಲೆ, ಹೊರಗೆ ಅಜ್ಜಿ ಸೊಪ್ಪು ಸೋಸುವ ಸದ್ದು ಕೇಳುತ್ತಿದ್ದಾಗ, ಪುಸ್ತಕವನ್ನು ಮತ್ತೆ ಕೆಳಗಿಳಿಸಿದೆ. ಅಳಿಸಲು ರಬ್ಬರ್ ಇರಲಿಲ್ಲ. ಆ ಕೋಣೆಯಿಂದ ಹೊರಗೆ ಹೋಗಿ ತರುವ ಹಾಗೂ ಇರಲಿಲ್ಲ. ಏಳು ದಿನ ಮುಗಿದ ಮೇಲೆ ಸ್ನಾನ ಮಾಡಿಸಿ ಹೊರಗೆ ಕರೆದುಕೊಂಡಾಗ ಅಳಿಸಬಹುದಿತ್ತು. ಅಳಿಸಲಿಲ್ಲ.

ಅಮ್ಮ ವರ್ಷ ತುಂಬುವ ಮೊದಲೇ, ಹತ್ತನೆಯ ತಿಂಗಳಲ್ಲಿ ಬಂದಳು. ಮಧ್ಯಾಹ್ನದ ಊಟದ ಹೊತ್ತು, ಯಾರಿಗೂ ಹೇಳದೆ, ಅದೇ ಬಟ್ಟೆಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳಂತೆ. ತೆಳ್ಳಗಾಗಿದ್ದಳು, ಕಪ್ಪಗಾಗಿದ್ದಳು. ಅಜ್ಜಿ ಕೂತಲ್ಲಿಂದಲೇ ತಲೆಯಿಂದ ಕಾಲಿನವರೆಗೆ ನೋಡಿದಳು.

"ಮುಗೀತಾ ನಿಂದು?"

"ಇಲ್ಲ ಅತ್ತೆ. ಅಲ್ಲಿ ಕೂತ್ರೆ ಮುಗಿಯೋ ಅಂಥದ್ದಲ್ಲ ಅನ್ಸ್ತು."

"ಹಂಗಾದ್ರೆ ಕೈಕಾಲ್ ತೊಳ್ಕಂಡ್ ಬಾ. ಸಾರಿಗೆ ಉಪ್ಪು ಸಾಲ್ತದಾ ನೋಡು, ನನ್ ನಾಲ್ಗೆ ಕೆಟ್ಟೋಗದೆ."

ಅಷ್ಟಕ್ಕೇ ಎಲ್ಲ ಮುಗಿಯಿತು. ಅಜ್ಜಿ ಸಂಜೆಯ ಹೊತ್ತಿಗೆ ಹೊಸ ಉತ್ಸಾಹದಿಂದ ಬೈಯತೊಡಗಿದಳು. ನಾನು ಸ್ಕೂಲಿನಿಂದ ಬಂದಾಗ ಅಮ್ಮ ಜಗಲಿಯ ಕಂಬದ ಹತ್ತಿರ ಕಾಯುತ್ತಿದ್ದಳು. ನನ್ನನ್ನು ನೋಡಿದಳು. ಲಂಗದ ಮೇಲೆ ದಾವಣಿ ಹೊದ್ದಿದ್ದೆ. ಅದರ ಅರ್ಥ ಅವಳಿಗೆ ತಕ್ಷಣ ಆಯಿತು.

"ಯಾವಾಗ?"

"ಕಾರ್ತೀಕದಲ್ಲಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನಿರ್ಲಿಲ್ಲ," ಎಂದು ಅವಳನ್ನು ದಾಟಿಕೊಂಡು ಒಳಗೆ ಹೋದೆ.

ಅಮ್ಮ ಮತ್ತೆಂದೂ ರಾಗಿ ಕೋಣೆಯ ಚಿಲಕ ಹಾಕಲಿಲ್ಲ. ಅಲ್ಲಿ ಕೂರುತ್ತಿದ್ದಳು, ಆದರೆ ಬಾಗಿಲು ತೆರೆದಿರುತ್ತಿತ್ತು. ಕೂತು ಕಾಲೇಜಿನ ಪಠ್ಯ ಓದಿ, ಖಾಸಗಿಯಾಗಿ ಪಿಯುಸಿ ಕಟ್ಟಿ ಪಾಸು ಮಾಡಿದಳು. ಆಗ ನಾನು ಎಂಟನೆಯ ಕ್ಲಾಸು. ನಾನು ಆ ಬಾಗಿಲಿನ ಮುಂದೆ ಹಾದುಹೋಗುವಾಗ ಒಳಗೆ ನೋಡುತ್ತಿರಲಿಲ್ಲ. ನೋಟ್‌ಬುಕ್ಕು ಗೂಡಿನಿಂದ ಕಾಣೆಯಾಗಿತ್ತು. ಅವಳು ನೋಡಿದಳೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಅಗತ್ಯ ಅವಳಿಗೆ ಕಂಡಿರಲಿಲ್ಲ. ಹೀಗೆ ಐದು ವರ್ಷ ಒಂದೇ ಸೂರಿನ ಕೆಳಗೆ, ಬಹಳ ಮರ್ಯಾದೆಯಿಂದ ಇದ್ದೆವು.

ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ತೆಗೆದುಕೊಂಡೆ. ಮೊದಲ ವರ್ಷವೇ ಒಂದು ತ್ರಿಕೋನದ ಪಾಠ ಬಂತು. ಮನುಷ್ಯನ ಬೇಕುಗಳನ್ನು ಮೆಟ್ಟಿಲಿನಂತೆ ಜೋಡಿಸಿದ ಚಿತ್ರ. ಕೆಳಗೆ ಅನ್ನ, ನೀರು, ನಿದ್ದೆ. ಅದರ ಮೇಲೆ ಭದ್ರತೆ. ಅದರ ಮೇಲೆ ಪ್ರೀತಿ, ನನ್ನವರು ಎಂಬ ಭಾವ. ಅದರ ಮೇಲೆ ಗೌರವ. ತುದಿಯಲ್ಲಿ, ತಾನು ಏನಾಗಬಲ್ಲೆನೋ ಅದಾಗುವುದು. ಕನ್ನಡದ ಪಠ್ಯದಲ್ಲಿ ಆ ತುದಿಗೆ ಆತ್ಮಸಾಕ್ಷಾತ್ಕಾರ ಎಂದೇ ಅಚ್ಚಾಗಿತ್ತು. ಹಲಸೂರಿನ ಮೆಟ್ಟಿಲ ಮೇಲೆ ನಿಂತು ನಾನು ಕೇಳಿಸಿಕೊಂಡಿದ್ದ ಅದೇ ಪದ. ಅವತ್ತು ಸಂಜೆ ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಳು. ಅಜ್ಜಿ ಜಗಲಿಯಲ್ಲಿ ತೂಕಡಿಸುತ್ತಿದ್ದಳು. ನಾನು ಪುಸ್ತಕ ಬಿಡಿಸಿ ಅವಳ ಮುಂದಿಟ್ಟೆ. ಮೆಚ್ಚಿಸಲೆಂದೋ ಚುಚ್ಚಲೆಂದೋ, ಸರಿಯಾಗಿ ಹೇಳಲಾರೆ. ಅವಳು ಕೈ ಒರೆಸಿಕೊಂಡು ನಿಧಾನವಾಗಿ ಓದಿದಳು.

"ಟೀಚರಮ್ಮ ಒಳಕ್ಕೆ ಹೋಗು ಅಂತಿದ್ರು. ಇವ್ರು ಮೇಲಕ್ಕೆ ಹತ್ತು ಅಂತಾರೆ. ಅವ್ರು ಹೇಳಿದ್ದು, ನೀನು ಆಗ್ಲೇ ಅದೇ ಆಗಿದೀಯ, ಮುಚ್ಕೊಂಡಿರೋದನ್ನ ತೆಗಿ ಅಂತ. ಇವ್ರು ಹೇಳೋದು, ನೀನಿನ್ನೂ ಆಗಿಲ್ಲ, ಆಗ್ಬೇಕು ಅಂತ."

"ಯಾವುದು ಸರಿ?"

"ನಂಗೊತ್ತಿಲ್ಲ ಪದ್ದು." ಅವಳ ಬೆರಳು ತ್ರಿಕೋನದ ಬುಡಕ್ಕೆ ಬಂತು. "ಇಲ್ಲಿ ಅನ್ನ ಅಂತ ಬರ್ದಿದೆಯಲ್ಲ, ಇದನ್ನ ಮಾಡಿ ಹಾಕೋರು ಯಾರು? ಅವ್ರು ಎಷ್ಟನೇ ಮೆಟ್ಲಲ್ಲಿದಾರೆ?"

"ನೀನು ಹೋದಾಗ ನಾನು ಮಾಡಿ ಹಾಕ್ದೆ," ಎಂದೆ.

ಅಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದು ಹೀಗೆ ಹೊರಗೆ ಬಂತು. ಅಮ್ಮ ಮತ್ತೆ ಕಾಳಿಗೆ ಕೈ ಹಾಕಲಿಲ್ಲ.

"ನೋಟ್‌ಬುಕ್ಕಲ್ಲಿ ನೀನು ಬರ್ದಿದ್ದು ನೋಡಿದೀನಿ."

"ಯಾವಾಗ?"

"ಬಂದ ಮಾರನೇ ದಿನಾನೇ."

"ಬೈಲಿಲ್ಲ ಯಾಕೆ?"

"ಏನಂತ ಬೈಲಿ? ಅದನ್ನ ಬರಿಯೋಕಾಗ್ದೆ ತಾನೆ ಅಷ್ಟು ದೂರ ಹೋಗಿದ್ದು. ಹತ್ತು ತಿಂಗ್ಳು ಕೂತ್ರೂ ಬರಿಯೋಕಾಗ್ಲಿಲ್ಲ. ಬಂದು ನೋಡಿದ್ರೆ ನೀನು ಬರ್ದಿದ್ದೆ."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನಿಸಿತು.

"ಅವತ್ತು ಜಡೆ ಹಾಕೋವಾಗ ಕಷ್ಟ ಆಗಲ್ಲ ಅಂದೆ ನಾನು. ಅದು ಸುಳ್ಳು."

"ಗೊತ್ತಿತ್ತು."

"ಗೊತ್ತಿದ್ದೂ ಹೋದ್ಯಾ?"

"ಗೊತ್ತಿದ್ದೇ ಹೋದೆ." ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹೋಗ್ದೇ ಇದ್ದಿದ್ರೆ ಇಲ್ಲೇ ಕೂತು ನಿನ್ನ ಮೇಲೆ ಸಿಟ್ಟು ಬೆಳೆಸ್ಕೋತಿದ್ದೆ. ಅದರ ಸುಳಿವು ನಂಗಾಗ್ಲೇ ಸಿಕ್ಕಿತ್ತು, ಭಯ ಆಗಿತ್ತು. ಹೋಗಿದ್ದು ಸರಿ ಅಂತ ಹೇಳ್ತಿಲ್ಲ. ತಪ್ಪಾಯ್ತು ಅಂತಾನೂ ನನ್ ಬಾಯಲ್ಲಿ ಬರಲ್ಲ. ಆದ್ರೆ ನಿಂಗೇನಾಯ್ತೋ ಅದು ಆಯ್ತು. ಆಗ್ಲಿಲ್ಲ ಅಂತ ನಾನು ಯಾವತ್ತೂ ಅನ್ನಲ್ಲ."

ನಾನು ಎದ್ದು ಹಿತ್ತಲಿಗೆ ಹೋಗಿ ಜೋರಾಗಿ ಅತ್ತೆ. ಅಜ್ಜಿಗೆ ಎಚ್ಚರವಾಗಿ, ಯಾರು ಸತ್ತರು ಎಂದು ಕೂಗುತ್ತಿದ್ದುದು ಕೇಳಿಸಿತು. ಅಮ್ಮ ಸಮಾಧಾನ ಮಾಡಲು ಬರಲಿಲ್ಲ. ಬಂದಿದ್ದರೆ ತಳ್ಳಿಬಿಡುತ್ತಿದ್ದೆ, ಅದೂ ಅವಳಿಗೆ ಗೊತ್ತಿತ್ತು ಅನಿಸುತ್ತದೆ. ಕತ್ತಲಾಗುವ ಮುಂಚೆ ಮನೆಯೊಳಗೆ ಹೋದಾಗ ಹಿತುಕಿದ ಬೇಳೆಯ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. ನಾಲ್ವರೂ ಒಟ್ಟಿಗೆ ಕೂತು ಉಂಡೆವು.

ಈಗ ಇಂದಿರಾನಗರದ ಒಂದು ಮಹಡಿಯಲ್ಲಿ, ಮೆಟ್ರೋ ಹೋಗುವಾಗ ಕಿಟಕಿಯ ಗಾಜು ಸಣ್ಣಗೆ ನಡುಗುವ ಕೋಣೆಯಲ್ಲಿ ಕೂತು ಜನರ ಮಾತು ಕೇಳುವುದು ನನ್ನ ವೃತ್ತಿ. ವಾರಕ್ಕೊಬ್ಬರಾದರೂ ಬಂದು, ನನ್ನನ್ನು ನಾನು ಕಂಡುಕೊಳ್ಳಬೇಕು ಮೇಡಂ ಎನ್ನುತ್ತಾರೆ. ಹೆಂಡತಿ, ಗಂಡ, ಮಕ್ಕಳು, ಕೆಲಸ ಎಲ್ಲದರ ಕೆಳಗೆ ತಾವು ಎಲ್ಲೋ ಕಳೆದುಹೋಗಿದ್ದೇವೆ ಎನ್ನುತ್ತಾರೆ. ಅವರಿಗೆ ಹೋಗಬೇಡಿ ಎಂದು ನಾನು ಹೇಳಿದ್ದಿಲ್ಲ. ಹೋಗಿ ಎಂದೂ ಹೇಳಿದ್ದಿಲ್ಲ. ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಮಾತ್ರ ಕೇಳುತ್ತೇನೆ. ಉತ್ತರ ಹೇಳುವಾಗ ಕೆಲವರು ಒಂದು ಹೆಸರಿನ ಹತ್ತಿರ ಬಂದು ನಿಂತುಬಿಡುತ್ತಾರೆ. ಆಗ ನಾನು ಅವಸರ ಮಾಡುವುದಿಲ್ಲ.

ಹಿತ್ತಲಲ್ಲಿ ಅತ್ತ ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅಮ್ಮ ಒಲೆಯ ಮುಂದಿದ್ದಳು. ಕಾಫಿಯ ಲೋಟ ಮುಂದಿಟ್ಟು, ದಿನಾ ಕೇಳುವ ಹಾಗೆಯೇ ಕೇಳಿದಳು.

"ನಿದ್ದೆ ಬಂತಾ ಪದ್ದು?"

ಬಂತು ಎಂದು ಹೇಳಲು ಬಾಯಿ ತೆರೆದವಳು, ತಡೆದೆ.

"ಇಲ್ಲಮ್ಮ. ಬರ್ಲಿಲ್ಲ."

"ನಂಗೂ ಬರ್ಲಿಲ್ಲ," ಎಂದು ಅವಳು ಇನ್ನೊಂದು ಲೋಟ ತೆಗೆದುಕೊಂಡು ನನ್ನ ಎದುರು ಕೂತಳು. "ಹೇಳು. ಎಲ್ಲಿಂದಾದ್ರೂ ಶುರು ಮಾಡು. ನಂಗೇನೂ ಕೆಲಸ ಇಲ್ಲ."